ಪೆಗ್ ಗೊಂಬೆ, ಪುಟ್ಟಿ, ಎರಡು ವಾರ: ಕ್ರಿಸ್ಮಸ್ ಗೊಂಬೆ ಮನೆಯಲ್ಲೇ ಮಾಡುವ ಬಗೆ

ದೀಪಾವಳಿ ಮುಗಿದು ಬೀದರಿನಲ್ಲಿ ಥಂಡಿ ಶುರುವಾಯಿತು ಅಂದರೆ ನನ್ನ ಫೋನಿಗೆ ಫೋಟೋ ಬರೋಕೆ ಶುರು. ಗಡ್ಡ ಉದುರಿದ ಕ್ರಿಸ್ಮಸ್ ತಾತ, ಎದೆ ಮೇಲೆ ಉದ್ದಕ್ಕೆ ಸೀಳು ಬಿಟ್ಟ ಯೋಸೇಫ, ತಲೆ ಮೇಲಿನ ಸೆರಗು ಜಾರಿ ಕುತ್ತಿಗೆಗೆ ಬಂದ ಮರಿಯ. ಕೆಳಗೆ ಒಂದೇ ಪ್ರಶ್ನೆ, "ಅಕ್ಕಾ, ಎಲ್ಲಿ ತಪ್ಪಾಯ್ತು?" ಒಬ್ಬೊಬ್ಬರಿಗೆ ಬೇರೆಬೇರೆ ಬರೆದು ಸಾಕಾಗಿದೆ. ಮರದ ಪೆಗ್ ಗೊಂಬೆ ಮೇಲೆ ಪುಟ್ಟಿ ಹಚ್ಚಿ ಇವರನ್ನೆಲ್ಲ ಮಾಡುವುದು ಹೇಗೆ ಅಂತ ಈ ಸಲ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ತಪ್ಪು ಬಹಳ ಸಲ ಎರಡೇ ಇರುತ್ತವೆ. ಒಂದು, ತಂದ ಪುಟ್ಟಿಯೇ ಬೇರೆ. ಇನ್ನೊಂದು, ಒಂದೇ ಸಂಜೆಗೆ ಮುಗಿಸಲು ಕೂತಿರುತ್ತೀರಿ. ಕೈಚಳಕ ಇಲ್ಲ ಅಂತ ಕೆಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ. ಅವಸರಕ್ಕೆ ಕೆಟ್ಟಿದ್ದೇ ಜಾಸ್ತಿ. ಅದಕ್ಕೇ ಎರಡು ವಾರ ಇಟ್ಟುಕೊಳ್ಳಿ.

ಮೊದಲು ಪುಟ್ಟಿಯ ವಿಷಯ

ಅಂಗಡಿಗೆ ಹೋಗಿ ಸುಮ್ನೆ "ಪುಟ್ಟಿ ಕೊಡಿ" ಅಂದರೆ ಗೋಡೆಗೆ ಬಳಿಯುವ ಬಿಳಿ ಪುಡಿ ಕೊಡುತ್ತಾರೆ. ಅದು ವಾಲ್ ಪುಟ್ಟಿ, ಬಿಳಿ ಸಿಮೆಂಟಿನದು. ಗೋಡೆ ಮೇಲೆ ತೆಳ್ಳಗೆ ಎಳೆಯಲು ಮಾಡಿದ್ದು. ದಪ್ಪ ಹಚ್ಚಿದರೆ ನೀರು ಆರುತ್ತಾ ಕುಗ್ಗಿ ಬಿರುಕು ಬಿಡುತ್ತದೆ, ಮರದ ಮೇಲಂತೂ ಸಿಪ್ಪೆ ಎದ್ದ ಹಾಗೆ ಏಳುತ್ತದೆ. ನಾನೂ ಮೊದಲ ವರ್ಷ ಇದನ್ನೇ ಹಚ್ಚಿದ್ದೆ. 24ರ ಸಂಜೆ ತಾತನ ಹೊಟ್ಟೆ ಚಕ್ಕೆಚಕ್ಕೆಯಾಗಿ ಮೇಜಿನ ಮೇಲೆ ಬಿದ್ದಿತ್ತು.

ಬಡಿಗೇರರು ಮೊಳೆ ತೂತು ಮುಚ್ಚಲು ಚಾಕ್ ಪುಡಿಗೆ ಫೆವಿಕಾಲ್ ಸೇರಿಸಿ ಕಲಸಿಕೊಳ್ಳುವ ಪುಟ್ಟಿ ಇದೆಯಲ್ಲ, ಅದೂ ಬೇಡ. ತೂತಿಗೆ ಸರಿ, ಮೂಗು ಗಡ್ಡಕ್ಕೆ ಅಲ್ಲ.

ನಿಮಗೆ ಬೇಕಾದದ್ದು ಎಪಾಕ್ಸಿ ಪುಟ್ಟಿ. ಎರಡು ಮುದ್ದೆ ಬರುತ್ತವೆ. ಒಂದು ರಾಳದ್ದು, ಅದಕ್ಕೆ ರೆಸಿನ್ ಅನ್ನುತ್ತಾರೆ. ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡ್ನರ್. ಎರಡನ್ನೂ ಸೇರಿಸಿ ನಾದಿದ ಮೇಲೆ ಅವು ಒಂದಕ್ಕೊಂದು ರಾಸಾಯನಿಕವಾಗಿ ಬೆಸೆದುಕೊಂಡು ಗಟ್ಟಿಯಾಗುತ್ತವೆ. ಇದರಲ್ಲಿ ನೀರು ಆರಿಹೋಗುವ ಮಾತಿಲ್ಲ, ಅದಕ್ಕೇ ಕುಗ್ಗುವುದು ತೀರಾ ಕಡಿಮೆ, ಬಿರುಕೂ ಇಲ್ಲ. ನಲ್ಲಿ ಸೋರಿದಾಗ ಹಚ್ಚುವ ಎಂ-ಸೀಲ್ ಈ ಜಾತಿಯದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಬೇಗ ಬಿಗಿಯುತ್ತದೆ, ಮುಖ ತಿದ್ದುವಷ್ಟು ಹೊತ್ತು ಕೊಡುವುದಿಲ್ಲ. ಕಲೆಯ ಸಾಮಾನು ಮಾರುವ ಅಂಗಡಿಯಲ್ಲಿ ಫೆವಿಕ್ರಿಲ್ ಮೌಲ್ಡಿಟ್ ಅಂತ ಸಿಗುತ್ತದೆ. ಮೆತ್ತಗಿರುತ್ತದೆ, ತಿದ್ದಲು ಸಾಕಷ್ಟು ಹೊತ್ತು ಸಿಗುತ್ತದೆ. ಮೊದಲ ಸಲ ಮಾಡುವವರು ಇದನ್ನೇ ತನ್ನಿ. ಒಂಬತ್ತು ಸೆಂಟಿಮೀಟರಿನ ಒಂದು ಗೊಂಬೆಗೆ ಎಲ್ಲ ಸೇರಿ ಸಣ್ಣ ನಿಂಬೆಹಣ್ಣಿನಷ್ಟು ಪುಟ್ಟಿ ಸಾಕು.

ಮರದ ಗೊಂಬೆ

ಪೆಗ್ ಗೊಂಬೆ ಅಂದರೆ ಕೈಕಾಲಿಲ್ಲದ, ಗುಂಡು ತಲೆ, ಗಿಡ್ಡ ಮೈ, ಚಪ್ಪಟೆ ತಳದ ಮರದ ಗೊಂಬೆ. ಚದುರಂಗದ ಕಾಲಾಳು ದೊಡ್ಡದಾದರೆ ಹೇಗೋ ಹಾಗೆ. ಆನ್‌ಲೈನ್‌ನಲ್ಲಿ ಬಣ್ಣ ಹಚ್ಚದವು ಸಿಗುತ್ತವೆ. ಬೇಡ ಅಂದರೆ ಮಂಚದ ಕಾಲು, ಲಟ್ಟಣಿಗೆ ಕಡೆಯುವ ಲೇಥ್ ಇಟ್ಟುಕೊಂಡ ಬಡಿಗೇರರನ್ನು ಕೇಳಿ. ಎತ್ತರ 9 ಸೆಂ.ಮೀ., ಅಗಲ 3 ಸೆಂ.ಮೀ. ಅಂತ ಚಿತ್ರ ಬರೆದು ಕೊಟ್ಟರೆ ತುಂಡು ಮರದಲ್ಲೇ ಕಡೆದು ಕೊಡುತ್ತಾರೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿ: ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಆಮೇಲೆ ಕುಗ್ಗುತ್ತದೆ, ಪುಟ್ಟಿ ಕುಗ್ಗುವುದಿಲ್ಲ, ನಡುವೆ ಬಿರುಕು ಬೀಳದೆ ಇನ್ನೇನಾಗುತ್ತದೆ? ಸಾಗವಾನಿಯೂ ಬೇಡ, ಅದರ ಎಣ್ಣೆಯಂಶದಿಂದ ಪುಟ್ಟಿ ಸರಿಯಾಗಿ ಕಚ್ಚುವುದಿಲ್ಲ.

ಚನ್ನಪಟ್ಟಣದ ಗೊಂಬೆ ಮೇಲೆ ಹಚ್ಚಬಹುದಾ ಅಂತ ಕೇಳುವವರು ಇದ್ದಾರೆ. ಅದರ ಮೈಗೆ ಅರಗಿನ ಹೊಳಪಿರುತ್ತದೆ. ಅದೆಲ್ಲ ಉಜ್ಜಿ ತೆಗೆದರೆ ಹಚ್ಚಬಹುದು, ಆದರೆ ಅಷ್ಟು ಚೆಂದದ ಗೊಂಬೆಯನ್ನು ಉಜ್ಜಿ ಹಾಳು ಮಾಡುವುದು ಯಾಕೆ.

ಉಳಿದ ಸಾಮಾನು

ದುಡ್ಡು ಕೊಟ್ಟು ತರುವಂಥದ್ದು ಕಡಿಮೆ. ಹಲ್ಲುಕಡ್ಡಿ, ಉರಿದು ಉಳಿದ ಊದುಬತ್ತಿ ಕಡ್ಡಿ, ದಪ್ಪ ಸೂಜಿ, ಹಳೇ ಬಾಲ್‌ಪೆನ್ನಿನ ಖಾಲಿ ಕೊಳವೆ, ಐಸ್‌ಕ್ರೀಂ ಕಡ್ಡಿ, ಹಳೇ ಟೂತ್‌ಬ್ರಷ್. ಹಾಲಿನ ಪಾಕೀಟು ಕತ್ತರಿಸಿ ತೊಳೆದಿಟ್ಟುಕೊಳ್ಳಿ, ಪುಟ್ಟಿ ತಟ್ಟಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. 120 ನಂಬರಿನ ಪಾಲಿಶ್ ಪೇಪರ್, ಒದ್ದೆ ಮಾಡಿ ಉಜ್ಜುವ 320 ನಂಬರಿನ ವಾಟರ್ ಪೇಪರ್, ಸ್ವಲ್ಪ ಬೈಂಡಿಂಗ್ ವೈರ್, ಅಕ್ರಿಲಿಕ್ ಬಣ್ಣ, ಮೂರು ಬ್ರಷ್, ನೀರಿನಲ್ಲಿ ಕರಗುವ ಮ್ಯಾಟ್ ವಾರ್ನಿಶ್.

ಮೆಡಿಕಲ್ ಅಂಗಡಿಯಿಂದ ನೈಟ್ರೈಲ್ ಗ್ಲೌಸ್ ತನ್ನಿ. ಇದನ್ನು ಬಿಡಬೇಡಿ. ಗಟ್ಟಿಯಾಗದ ಎಪಾಕ್ಸಿ ಪದೇಪದೇ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಹತ್ತುತ್ತದೆ, ಒಮ್ಮೆ ಹತ್ತಿತು ಅಂದರೆ ಆಮೇಲೆ ಸ್ವಲ್ಪ ತಾಗಿದರೂ ತುರಿಕೆ. ಸಣ್ಣ ಮಕ್ಕಳಿಗೆ ಪುಟ್ಟಿ ಕೆಲಸ ಕೊಡಬೇಡಿ, ಬಣ್ಣ ಹಚ್ಚಲು ಕೂರಿಸಿ. ಅಡುಗೆಮನೆಯ ಚಮಚ ಚಾಕು ಇದಕ್ಕೆ ಮುಟ್ಟಿಸಿದರೆ ಮತ್ತೆ ಅಡುಗೆಗೆ ವಾಪಸ್ ಹೋಗಬಾರದು.

1. ಯಾರನ್ನು ಮಾಡುತ್ತೀರಿ?

ಮೊದಲ ಸಲವೇ ಇಡೀ ಗೋದಲಿಗೆ, ಅಂದರೆ ಯೇಸು ಹುಟ್ಟಿದ ದೃಶ್ಯದ ಗೊಂಬೆಗಳ ಗುಂಪಿಗೆ, ಕೈ ಹಾಕಬೇಡಿ. ಒಬ್ಬ ಕ್ರಿಸ್ಮಸ್ ತಾತ ಮಾಡಿ. ಗಡ್ಡ, ಟೋಪಿ, ಹೊಟ್ಟೆ, ಎಲ್ಲ ದಪ್ಪದಪ್ಪ ಇರುವುದರಿಂದ ತಪ್ಪು ಮುಚ್ಚಿಹೋಗುತ್ತವೆ. ಬೇರೆ ಥರ ಬೇಕು ಅಂದರೆ ತಾತನ ಮೂಲಪುರುಷ ಸಂತ ನಿಕೋಲಸನನ್ನೇ ಮಾಡಬಹುದು. ಈಗಿನ ತುರ್ಕಿಯಲ್ಲಿರುವ ಮೈರಾ ಊರಿನಲ್ಲಿ 4ನೇ ಶತಮಾನದಲ್ಲಿ ಬಿಷಪ್ ಆಗಿದ್ದವನು. ಕೆಂಪು ಟೋಪಿಯ ಬದಲು ಬಿಷಪ್‌ರ ಚೂಪು ಕಿರೀಟ, ಕೈಗೊಂದು ಕೊಕ್ಕೆ ಕೋಲು ಕೊಟ್ಟರೆ ಆಯಿತು. ಡಿಸೆಂಬರ್ 6 ಅವನ ಹಬ್ಬ.

ಗೋದಲಿಯೇ ಬೇಕು ಅನ್ನುವವರು ಮರಿಯ, ಯೋಸೇಫ, ಮಗು ಮೂರರಿಂದ ಶುರು ಮಾಡಿ. ಆಮೇಲೆ ಕುರುಬರು, ಮಗುವಿಗೆ ಕಾಣಿಕೆ ತಂದ ಜೋಯಿಸರು. ಎತ್ತು, ಕತ್ತೆಗೆ ಟೈಮ್ ಸಿಗಲಿಲ್ಲ ಅಂತ ಬೇಜಾರು ಬೇಡ, ಯೇಸು ಹುಟ್ಟಿದ ಕಥೆಯಲ್ಲಿ ಬೈಬಲ್‌ನ ಸುವಾರ್ತೆಗಳು ಅವುಗಳ ಹೆಸರೇ ಎತ್ತುವುದಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಗೋದಲಿ ಹೂಡಿದಾಗ ನಿಜವಾದ ಎತ್ತು ಕತ್ತೆಯನ್ನೇ ತಂದು ನಿಲ್ಲಿಸಿದ್ದ.

ಕಾಗದದ ಮೇಲೆ ಗೊಂಬೆ ಮಲಗಿಸಿ ಸುತ್ತ ಗೆರೆ ಎಳೆದು, ಅದರೊಳಗೆ ಬಟ್ಟೆ, ಕೈ, ಗಡ್ಡ ಬರೆಯಿರಿ. ಅದೇ ಗುರುತನ್ನು ಪೆನ್ಸಿಲ್‌ನಿಂದ ಮರದ ಮೇಲೂ ಹಾಕಿ.

2. ಮರ ಗೀರಿ, ಹಿಡಿ ಕೂರಿಸಿ

120ರ ಪೇಪರಿನಿಂದ ಮೈಯೆಲ್ಲ ಒರಟು ಮಾಡಿ. ಪುಟ್ಟಿ ಕೂರುವ ಕಡೆ ಸೂಜಿಯಿಂದ ಅಡ್ಡಡ್ಡ ಗೀರಿ. ಮುಖ ಮರದ್ದೇ ಇರಲಿ ಅಂತಿದ್ದರೆ ಅಲ್ಲಿ ಗೀರಬೇಡಿ. ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿ.

ಈಗ ಗೊಂಬೆಗೆ ಒಂದು ಹಿಡಿ ಬೇಕು. ಬರಿಗೈಯಲ್ಲಿ ಹಿಡಿದು ಕೆಲಸ ಮಾಡಿದರೆ ಎದೆ ತಿದ್ದುವಾಗ ಬೆನ್ನು ಅಪ್ಪಚ್ಚಿಯಾಗುತ್ತದೆ. ಬೀದರಿನ ಚೌಬಾರದ ಕಡೆ ಬಿದರಿ ಕೆಲಸ, ಅಂದರೆ ಲೋಹದಲ್ಲಿ ಕೆತ್ತಿ ಬೆಳ್ಳಿ ಕೂರಿಸುವುದು, ಕೂತು ನೋಡಿದವರಿಗೆ ಇದು ಗೊತ್ತಿರುತ್ತದೆ, ಕೆತ್ತುವ ಸಾಮಾನನ್ನು ಅವರು ಮೇಣದಲ್ಲಿ ಅಂಟಿಸಿಕೊಂಡು ಕೂರುತ್ತಾರೆ, ಕೈ ಎರಡೂ ಉಳಿಗೆ ಸುತ್ತಿಗೆಗೆ ಬಿಡುವು. ನಮಗೆ ಅಷ್ಟು ಬೇಡ. ಖಾಲಿ ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ ಎರಡೂ ಕಡೆ ಅಂಟುವ ಟೇಪ್ ಹಾಕಿ ಗೊಂಬೆ ನಿಲ್ಲಿಸಿ. ಇನ್ನು ಮುಂದೆ ಡಬ್ಬಿ ಹಿಡಿದೇ ತಿರುಗಿಸುವುದು.

3. ಕಲಸುವುದು

ಎರಡೂ ಮುದ್ದೆಯಿಂದ ಸಮಸಮ ತೆಗೆದುಕೊಳ್ಳಿ. ಕೆಲವು ಕಂಪನಿಯದರಲ್ಲಿ ಅಳತೆ ಬೇರೆ ಇರುತ್ತದೆ, ಪಾಕೀಟಿನ ಮೇಲೆ ಓದಿ. ಗೋಲಿ ಮಾಡಿ ಪಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಕಣ್ಣಿಗೇ ಗೊತ್ತಾಗುತ್ತದೆ. ಆಮೇಲೆ ನಾದಿ. ಎಳೆದು, ಮಡಚಿ, ಮತ್ತೆ ಎಳೆದು, ಐದು ನಿಮಿಷ. ಒಳಗೆ ಒಂದು ಎಳೆ ಬೇರೆ ಬಣ್ಣ ಕಂಡರೂ ಆಗಿಲ್ಲ ಅಂತಲೇ ಅರ್ಥ. ಆ ಎಳೆ ಇದ್ದ ಜಾಗ ವಾರ ಬಿಟ್ಟರೂ ಅಂಟಂಟಾಗಿಯೇ ಉಳಿಯುತ್ತದೆ. ಉದುರಿದ ಗಡ್ಡಗಳಲ್ಲಿ ಅರ್ಧ ಇದೇ ಕಾರಣಕ್ಕೆ ಉದುರಿದವು.

ನಾದಿದ ಕೂಡಲೇ ಹಚ್ಚಬೇಡಿ, ಕೈಗೆ ಮೆತ್ತಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ಹದಕ್ಕೆ ಬರುತ್ತದೆ. ಎಂ-ಸೀಲ್ ಆದರೆ ಅಷ್ಟು ಕಾಯುವಂತಿಲ್ಲ, ಐದೇ ನಿಮಿಷ. ಒಂದು ಸಲಕ್ಕೆ ಒಂದು ಪದರಕ್ಕೆ ಬೇಕಾದಷ್ಟೇ ಕಲಸಿ, ಉಳಿದದ್ದು ಕಲ್ಲಾಗಿ ಕಸಕ್ಕೆ ಹೋಗುತ್ತದೆ.

4. ಮೊದಲ ಪದರ, ಮೈಬಟ್ಟೆ

ಒದ್ದೆ ಮಾಡಿದ ಹಾಲಿನ ಪಾಕೀಟಿನ ಎರಡು ಹಾಳೆ ನಡುವೆ ಪುಟ್ಟಿ ಇಟ್ಟು ಬೆರಳಿನಿಂದ ತಟ್ಟಿ, ಮೇಲೆ ಬಾಟಲಿ ಉರುಳಿಸಿ. ಎರಡು ಮಿಲಿಮೀಟರ್ ದಪ್ಪ ಸಾಕು. ಜೋಳದ ರೊಟ್ಟಿ ತಟ್ಟಿ ಅಭ್ಯಾಸ ಇರುವವರಿಗೆ ಹೇಳಿಕೊಡುವುದೇ ಬೇಡ. ಹಿಟ್ಟಿಗೆ ಜಿಗಿ ಬರದಿದ್ದರೆ ರೊಟ್ಟಿಯ ಅಂಚು ಸೀಳುತ್ತದಲ್ಲ, ಇಲ್ಲೂ ಅಷ್ಟೇ. ಅಂಚು ಸೀಳುತ್ತಿದ್ದರೆ ಪುಟ್ಟಿ ಬಿಗಿಯಲು ಶುರುವಾಗಿದೆ. ನೀರು ಹಾಕಿ ಮೆತ್ತಗೆ ಮಾಡಲು ಹೋಗಬೇಡಿ, ಹೊಸದಾಗಿ ಕಲಸಿ.

ತಟ್ಟಿದ ಪುಟ್ಟಿಯ ಹಾಳೆಯನ್ನು ಗೊಂಬೆಗೆ ಸುತ್ತಿ, ಸೇರುವ ಗೆರೆ ಬೆನ್ನಿಗೆ ಬರಲಿ. ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಹೋದರೆ ಒಳಗಿನ ಗಾಳಿ ಹೊರಬರುತ್ತದೆ. ಬೆರಳ ತುದಿ ತೇವ ಮಾಡಿ ನುಣ್ಣಗೆ ಸವರಿ, ತೇವ ಅಂದರೆ ತೇವ ಅಷ್ಟೇ, ನೀರು ತೊಟ್ಟಿಕ್ಕಿದರೆ ಪದರ ಜಾರುತ್ತದೆ. ತಾತನಾದರೆ ಹೊಟ್ಟೆಗೆ ಒಂದು ಮುದ್ದೆ ಸೇರಿಸಿ. ಮರಿಯ, ಯೋಸೇಫರ ನಿಲುವಂಗಿಗೆ ಊದುಬತ್ತಿ ಕಡ್ಡಿಯನ್ನು ಉದ್ದಕ್ಕೆ ಒತ್ತಿ ನೆರಿಗೆ ತೆಗೆಯಿರಿ. ನೆರಿಗೆ ಎಲ್ಲಿಂದಲೋ ಶುರುವಾಗುವುದಿಲ್ಲ, ಬಟ್ಟೆ ಎಲ್ಲಿ ತೂಗಿಕೊಂಡಿದೆಯೋ ಅಲ್ಲಿಂದ, ಭುಜದಿಂದ, ಸೊಂಟದ ಪಟ್ಟಿಯಿಂದ ಬರುತ್ತದೆ. ಅದು ಬಿಟ್ಟು ಸುತ್ತ ಸಮ ಅಂತರದಲ್ಲಿ ಗೆರೆ ಎಳೆದರೆ ಕಂಬದ ಹಾಗೆ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸಿ. ನಿಜವಾಗಿ ನಿಲ್ಲಿಸಿ, ರಾತ್ರಿಯೆಲ್ಲ ಬಿಡಿ. ಮೆತ್ತಗಿನ ಹೊಟ್ಟೆ ಮೇಲೆ ಕೈ ಅಂಟಿಸಲು ಹೋಗಿ ಹೊಟ್ಟೆಯನ್ನೇ ಹೆಬ್ಬೆರಳಿನಿಂದ ಅದುಮಿ, ಅದನ್ನು ತಿದ್ದಲು ಹೋಗಿ ಕೈ ಕಳಚಿ, ಕೊನೆಗೆ ಎಲ್ಲ ಕಿತ್ತು ಎಸೆದವರ ಫೋಟೋಗಳೇ ನನ್ನ ಹತ್ತಿರ ಎಷ್ಟೋ ಇವೆ. ಡಿಸೆಂಬರಿನ ಬೀದರ್ ಥಂಡಿಗೆ ಎಪಾಕ್ಸಿ ನಿಧಾನಕ್ಕೆ ಗಟ್ಟಿಯಾಗುತ್ತದೆ, ಪಾಕೀಟಿನ ಮೇಲೆ ಬರೆದ ಹೊತ್ತಿಗಿಂತ ಜಾಸ್ತಿ ಹಿಡಿದರೆ ಗಾಬರಿ ಬೇಡ. ಮಧ್ಯಾಹ್ನ ಕಿಟಕಿ ಹತ್ತಿರ ಇಡಿ. ಗ್ಯಾಸ್ ಒಲೆ ಮೇಲೆ ಹಿಡಿಯಬೇಡಿ.

5. ಕೈ

ಬೈಂಡಿಂಗ್ ವೈರ್‌ನ ಎರಡು ತುಂಡು ಬಗ್ಗಿಸಿ ಅದರ ಮೇಲೆ ಪುಟ್ಟಿಯ ಬತ್ತಿ ಸುತ್ತಿ. ಭುಜದ ಜಾಗದಲ್ಲಿ ಹಳೆ ಪದರವನ್ನು ಗೀರಿ, ನಾದಿ ಇನ್ನೂ ಅಂಟು ಇರುವ ಪುಟ್ಟಿಯನ್ನೇ ಗೋಂದಿನ ಹಾಗೆ ಚೂರು ಹಚ್ಚಿ ಕೈ ಕೂರಿಸಿ. ಕೈಗೆ ಅಂಟದಿರಲಿ ಅಂತ ಪೌಡರ್ ಹಚ್ಚಿಕೊಳ್ಳುವ ರೂಢಿ ಇದ್ದರೆ ಈ ಜಾಗಕ್ಕೆ ಪೌಡರ್ ತಾಗದ ಹಾಗೆ ನೋಡಿಕೊಳ್ಳಿ. ಪೌಡರ್ ಕೂತ ಕಡೆ ಹೊಸ ಪದರ ಹಿಡಿಯುವುದಿಲ್ಲ.

ಅಂಗೈ ತೊಗರಿ ಕಾಳಿನಷ್ಟು ಸಾಕು. ಐದು ಬೆರಳು ಕೆತ್ತಲು ಹೋಗಬೇಡಿ, ಈ ಅಳತೆಯಲ್ಲಿ ಅದು ಬಾಚಣಿಗೆ ಥರ ಕಾಣುತ್ತದೆ. ಹೆಬ್ಬೆರಳು ಒಂದನ್ನು ಬೇರೆ ತೋರಿಸಿದರೆ ಕೈ ಅಂತ ಗೊತ್ತಾಗುತ್ತದೆ.

6. ಮುಖ ಮತ್ತು ಗಡ್ಡ

ಇದು ಎಲ್ಲರಿಗೂ ಭಯ ಇರುವ ಜಾಗ, ಆದರೆ ಇರುವ ಕೆಲಸ ಸ್ವಲ್ಪವೇ. ಮೂಗಿಗೆ ಒಂದು ಜೋಳದ ಕಾಳಿನಷ್ಟು ಪುಟ್ಟಿ. ಕಣ್ಣನ್ನು ಪುಟ್ಟಿಯಲ್ಲಿ ಮಾಡಬೇಡಿ, ಆಮೇಲೆ ಬಣ್ಣದಲ್ಲಿ ಎರಡು ಚುಕ್ಕೆ ಇಟ್ಟರೆ ಸಾಕು. ಕಣ್ಣಿನ ಜಾಗ ತಲೆಯ ಎತ್ತರದ ಸರಿ ಅರ್ಧಕ್ಕೆ. ಎಲ್ಲರೂ ಮೇಲೆ, ಹಣೆಯಲ್ಲಿ ಇಡುತ್ತಾರೆ. ಅರ್ಧಕ್ಕಿಂತ ಚೂರು ಕೆಳಗಿಟ್ಟರೆ ಮಗುವಿನ ಮುಖ ಬರುತ್ತದೆ, ದೇವದೂತನಿಗೆ ಅದೇ ಚೆಂದ.

ಗಡ್ಡ ಹೀಗೆ. ನಾಲ್ಕು ಕಡಲೆ ಕಾಳಿನಷ್ಟು ಪುಟ್ಟಿ ತೆಗೆದು ವೀಳ್ಯದೆಲೆ ಆಕಾರಕ್ಕೆ ತಟ್ಟಿ, ತುದಿ ಕೆಳಗೆ. ಮೇಲಿನ ಅಗಲ ಭಾಗವನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬರುವ ಹಾಗೆ ಮೂಗಿನ ಕೆಳಗೆ ಕೂರಿಸಿ. ಈಗ ಕೆನ್ನೆಗೆ ತಾಗುವ ಅಂಚನ್ನು ತೇವದ ಬೆರಳಿನಿಂದ ಹೊರಕ್ಕೆ ಸವರುತ್ತಾ ಹೋಗಿ, ಪುಟ್ಟಿ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಅಂತ ಕಾಣಬಾರದು. ಈ ಅಂಚು ಸವರದೆ ಬಿಟ್ಟರೆ ಗಡ್ಡ ಬೆಳೆದ ಹಾಗಲ್ಲ, ಕಟ್ಟಿದ ಹಾಗೆ ಕಾಣುತ್ತದೆ, ಉಗುರು ತಾಗಿದರೆ ಎದ್ದೂ ಬರುತ್ತದೆ. ಮೀಸೆಗೆ ಎರಡು ಹನಿ ಆಕಾರ, ದಪ್ಪ ತುದಿ ಮೂಗಿನ ಕೆಳಗೆ, ಸಣ್ಣ ತುದಿ ಕೆನ್ನೆ ಕಡೆ. ಹತ್ತು ನಿಮಿಷ ಬಿಟ್ಟು ಸೂಜಿಯಿಂದ ಕೂದಲು ಎಳೆಯಿರಿ. ಬಾಯಿ ಹತ್ತಿರದಿಂದ ಹೊರಕ್ಕೆ, ಒಂದು ಗೆರೆ ಉದ್ದ, ಒಂದು ಗಿಡ್ಡ, ಒಂದು ಸ್ವಲ್ಪ ಬಾಗಿದ್ದು. ಸೂಜಿ ಎಳೆದಾಗ ಪುಟ್ಟಿಯ ಚೂರು ಎರಡೂ ಬದಿಗೆ ಎದ್ದು ನಿಲ್ಲುತ್ತಿದ್ದರೆ ಇನ್ನೂ ಮೆತ್ತಗಿದೆ, ಐದು ನಿಮಿಷ ಛಾ ಕುಡಿದು ಬನ್ನಿ.

7. ಟೋಪಿ, ಸೆರಗು, ಕಂಬಳಿ

ಗಡ್ಡ ಗಟ್ಟಿಯಾದ ಮೇಲೆ, ಮಾರನೇ ದಿನ. ತಾತನ ಟೋಪಿಗೆ ಶಂಕುವಿನ ಆಕಾರ ಮಾಡಿ ತಲೆಗೆ ಕೂರಿಸಿ ತುದಿ ಬದಿಗೆ ಬಗ್ಗಿಸಿ. ಕೆಳಗಿನ ಬಿಳಿ ತುಪ್ಪಳದ ಪಟ್ಟಿಗೆ ಒಂದು ಬತ್ತಿ ಸುತ್ತಿ ಟೂತ್‌ಬ್ರಷ್‌ನಿಂದ ಚುಚ್ಚಿದರೆ ಉಣ್ಣೆಯ ಹಾಗೇ ಆಗುತ್ತದೆ. ಕೋಟಿನ ಗುಂಡಿಗೆ ಸಣ್ಣ ಗೋಲಿ ಒತ್ತಿ, ಅದರ ಮೇಲೆ ಪೆನ್ನಿನ ಕೊಳವೆಯಿಂದ ಒಂದು ಮುದ್ರೆ.

ಮರಿಯಳಿಗೆ ತೆಳ್ಳಗೆ ತಟ್ಟಿದ ಹಾಳೆಯನ್ನು ತಲೆ ಮೇಲಿಂದ ಸೆರಗಿನಂತೆ ಇಳಿಬಿಡಿ. ನೆತ್ತಿಯಲ್ಲಿ ಮತ್ತು ಭುಜದ ಮೇಲೆ ಒತ್ತಿ ಕೂರಿಸಿ, ನಡುವೆ ಸಡಿಲ ಇರಲಿ. ಜಾರುವ ಸೆರಗಿಗೆ ಕಾರಣ ದಪ್ಪ. ಎರಡು ಮಿ.ಮೀ.ಗಿಂತ ದಪ್ಪ ಇದ್ದರೆ ತನ್ನ ಭಾರಕ್ಕೇ ಇಳಿಯುತ್ತದೆ.

ಕುರುಬರಿಗೆ ನಾನು ಕರಿ ಕಂಬಳಿಯ ಕೊಪ್ಪೆ ಹೊದಿಸುತ್ತೇನೆ. ಬೆತ್ಲೆಹೇಮಿನ ಕುರುಬರು ಬೀದರ್ ಕಂಬಳಿ ಹೊದ್ದಿದ್ದರಾ ಅಂತ ನಮ್ಮತ್ತೆ ಪ್ರತಿ ವರ್ಷ ನಗುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದರು ಅಂತ ಲೂಕನ ಸುವಾರ್ತೆ ಹೇಳುತ್ತದೆ, ಏನಾದರೂ ಹೊದ್ದೇ ಇರಬೇಕಲ್ವಾ? ಕಂಬಳಿಯ ಮೇಲೆ ಒರಟು ಬಟ್ಟೆ ಒತ್ತಿ ತೆಗೆದರೆ ನೇಯ್ಗೆಯ ಗುರುತು ಬೀಳುತ್ತದೆ. ಜೋಯಿಸರು ಎಷ್ಟು ಜನ ಅಂತ ಬೈಬಲ್‌ನಲ್ಲಿ ಇಲ್ಲ, ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು ಇರುವುದರಿಂದ ಮೂವರು ಅಂತ ಎಣಿಸುವ ರೂಢಿ. ಅವರಿಗೆ ಕಿರೀಟ ಮಾಡಲು ಕಷ್ಟ ಅನ್ನಿಸಿದರೆ ಮೂರು ಸಣ್ಣ ಬತ್ತಿ ಹೆಣೆದು ರುಮಾಲು ಸುತ್ತಿ. ಮತ್ತಾಯನ ಸುವಾರ್ತೆ ಅವರನ್ನು ರಾಜರು ಅಂತ ಕರೆದಿಲ್ಲ.

ಮಗುವಿಗೆ ಪೆಗ್ ಬೇಡ. ಹುಣಸೆ ಬೀಜದಷ್ಟು ಪುಟ್ಟಿಗೆ ತೆಳು ಪಟ್ಟಿ ಸುತ್ತಿ, ಮುಖದ ಜಾಗ ಬಿಟ್ಟರೆ ಆಯಿತು. ಐಸ್‌ಕ್ರೀಂ ಕಡ್ಡಿ ಕತ್ತರಿಸಿ ಅಂಟಿಸಿದರೆ ಮಗುವನ್ನು ಮಲಗಿಸುವ ಗೋದಲಿ. ನಮ್ಮ ಹಳ್ಳಿ ಮನೆಯ ದನದ ಗ್ವಾದಲಿ ನೆನಪಿಸಿಕೊಳ್ಳಿ, ಅದೇ.

8. ಉಜ್ಜುವುದು

ಕೊನೆಯ ಪದರ ಹಚ್ಚಿದ ಮೇಲೆ ಪೂರ್ತಿ 24 ಗಂಟೆ ಬಿಡಿ, ಥಂಡಿ ಜಾಸ್ತಿ ಇದ್ದರೆ 48. ಉಗುರು ಒತ್ತಿದರೆ ಗುರುತು ಬೀಳಬಾರದು. 320ರ ವಾಟರ್ ಪೇಪರ್ ಒದ್ದೆ ಮಾಡಿ ಬೆರಳ ಗುರುತು, ಉಬ್ಬುತಗ್ಗು ಉಜ್ಜಿ, ಬರಿ ಮರಕ್ಕೆ ನೀರು ತಾಗಿಸಬೇಡಿ. ಒದ್ದೆ ಮಾಡಿ ಉಜ್ಜಿದರೆ ಧೂಳು ಏಳುವುದಿಲ್ಲ. ಒಣ ಉಜ್ಜುವುದಾದರೆ ಮಾಸ್ಕ್ ಹಾಕಿ, ಆ ಧೂಳು ಒಳಗೆ ಹೋಗಬಾರದು. ತಾತನ ಹೊಟ್ಟೆ ಭಾರಕ್ಕೆ ಮುಂದಕ್ಕೆ ಬೀಳುತ್ತಿದ್ದರೆ ತಳದ ಹಿಂಭಾಗಕ್ಕೆ ಒಂದು ಕಬ್ಬಿಣದ ವಾಶರ್ ಅಂಟಿಸಿ, ತಳ ಓರೆಯಾದರೆ ಪುಟ್ಟಿ ಹಚ್ಚಿ ಸಮ ಮಾಡಿ.

9. ಬಣ್ಣ

ಮೊದಲು ಇಡೀ ಗೊಂಬೆಗೆ ಬಿಳಿ ಅಕ್ರಿಲಿಕ್ ತೆಳ್ಳಗೆ ಎರಡು ಕೈ. ಬೂದು ಪುಟ್ಟಿ, ಕಂದು ಮರ ಎರಡೂ ಒಂದೇ ಆಗುತ್ತವೆ, ಮೇಲಿನ ಕೆಂಪು ಬೆಳಗುತ್ತದೆ. ಮೈಬಣ್ಣಕ್ಕೆ ಟ್ಯೂಬಿನ ಗುಲಾಬಿ ಹಚ್ಚಲೇಬೇಕು ಅಂತೇನಿಲ್ಲ. ಕಂದು, ಹಳದಿ, ಬಿಳಿ, ಚೂರು ಕೆಂಪು ಸೇರಿಸಿದರೆ ಗೋಧಿ ಬಣ್ಣದಿಂದ ಕಪ್ಪಿನವರೆಗೆ ಏನು ಬೇಕೋ ಅದು ಬರುತ್ತದೆ.

ಕಷ್ಟಪಟ್ಟು ಎಳೆದ ಗಡ್ಡದ ಗೆರೆ ಬಿಳಿ ಹಚ್ಚಿದ ಮೇಲೆ ಮಾಯವಾಗುತ್ತದೆ ಅಂತ ದೂರು ಬರುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಬೂದು ಬಣ್ಣಕ್ಕೆ ನೀರು ಬೆರೆಸಿ ಛಾದಷ್ಟು ತೆಳು ಮಾಡಿ ಗಡ್ಡದ ಮೇಲೆ ಹಚ್ಚಿ, ಕೂಡಲೇ ಬಟ್ಟೆಯಿಂದ ಒರೆಸಿ. ಮೇಲಿನದು ಹೋಗುತ್ತದೆ, ಗೆರೆಯೊಳಗಿನದು ಉಳಿಯುತ್ತದೆ. ಬಟ್ಟೆಯ ನೆರಿಗೆಗೂ ಹೀಗೇ, ಕೆಂಪಿಗೆ ಕಡು ಕಂದು, ನೀಲಿಗೆ ಇನ್ನೂ ಕಡು ನೀಲಿ.

ಕಣ್ಣಿನ ಚುಕ್ಕೆಗೆ ಬ್ರಷ್ ಬೇಡ, ಹಲ್ಲುಕಡ್ಡಿಯ ತುದಿ ಬಣ್ಣದಲ್ಲಿ ಅದ್ದಿ ಒಮ್ಮೆ ಮುಟ್ಟಿಸಿ ತೆಗೆಯಿರಿ. ಒಂದು ದಿನ ಬಿಟ್ಟು ಮ್ಯಾಟ್ ವಾರ್ನಿಶ್ ಎರಡು ಕೈ. ಬಾಗಿಲಿಗೆ ಹಚ್ಚುವ ಎಣ್ಣೆ ವಾರ್ನಿಶ್ ಮುಟ್ಟಬೇಡಿ, ಬಿಳಿ ಗಡ್ಡ ವರ್ಷ ಕಳೆಯುವುದರಲ್ಲಿ ಹಳದಿಯಾಗುತ್ತದೆ.

ಈಗಾಗಲೇ ಕೆಟ್ಟಿದ್ದರೆ

ಕೈ ಕಳಚಿದರೆ ಎರಡೂ ಕಡೆ ಸಣ್ಣ ತೂತು ಹಾಕಿ ವೈರ್ ತುಂಡು ತೂರಿಸಿ ಹೊಸ ಪುಟ್ಟಿಯಿಂದ ಕೂರಿಸಿ, ಬರೀ ಅಂಟು ಹಚ್ಚಿದರೆ ಮತ್ತೆ ಬೀಳುತ್ತದೆ. ಸಣ್ಣ ಬಿರುಕಾದರೆ ಅದನ್ನು ಸೂಜಿಯಿಂದ ಇನ್ನಷ್ಟು ಅಗಲ ಮಾಡಿ ತುಂಬಿ, ಸಣ್ಣ ಬಿರುಕಿನೊಳಗೆ ಪುಟ್ಟಿ ಇಳಿಯುವುದಿಲ್ಲ. ಎರಡು ದಿನವಾದರೂ ಅಂಟು ಹೋಗದ ಪುಟ್ಟಿಗೆ ಮಾತ್ರ ಔಷಧ ಇಲ್ಲ. ಕೆರೆದು ತೆಗೆದು ಮರವನ್ನು ಸ್ಪಿರಿಟ್‌ನಲ್ಲಿ ಒರೆಸಿ ಮೊದಲಿನಿಂದ ಶುರು ಮಾಡಬೇಕು.

ಹಬ್ಬ ಮುಗಿದ ಮೇಲೆ ಎತ್ತಿಡುವಾಗ ಪ್ಲಾಸ್ಟಿಕ್ ಚೀಲದಲ್ಲಿ ಒಟ್ಟಿಗೆ ತುಂಬಬೇಡಿ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಆ ಕಾವಿಗೆ ಅಕ್ರಿಲಿಕ್ ಮೆತ್ತಗಾಗಿ ಪ್ಲಾಸ್ಟಿಕ್‌ಗೆ, ಇಲ್ಲ ಪಕ್ಕದ ಗೊಂಬೆಗೆ ಅಂಟುತ್ತದೆ. ಒಂದೊಂದನ್ನೂ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿ ನಿಲ್ಲಿಸಿ, ಅಟ್ಟದ ಮೇಲೆ ತಗಡಿನ ಕೆಳಗೆ ಅಲ್ಲ, ಕೋಣೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಇಡಿ.